ಆಯಸ್ಸು ಮುಗಿದ ಇಂಜಿನ್

ಊರವರ ಬೈಕುಗಳು ವರ್ಷಗಟ್ಟಲೆ ಓಡುತ್ತವೆ. ನಾನು ದುಡ್ಡು ಸುರಿದು ನುರಿತ ಕೈಯಲ್ಲಿ ಕಟ್ಟಿಸಿದ ರೇಸ್ ಇಂಜಿನ್ ಮಾತ್ರ ನಾಲ್ಕಾರು ರೇಸಿಗೇ ಮುದಿಯಾಗುತ್ತಿತ್ತು. ಭಾನುವಾರದ ಹುಚ್ಚು ನನ್ನದು. ಸಂಬಳವೆಲ್ಲ ಪಿಸ್ಟನ್, ರಿಂಗು, ಬೇರಿಂಗುಗಳ ಪಾಲು. ಅದನ್ನು ಕಟ್ಟಿಕೊಟ್ಟ ಯಲಹಂಕದ ಮೆಕ್ಯಾನಿಕ್ ಒಂದು ಸಂಜೆ ಫೋನ್ ಮಾಡಿದರು. "ಅದ್ರ ಆಯಸ್ಸು ಮುಗೀತು ಸರ್. ಬಿಚ್ಚಿ ಕಟ್ಟೋಣ. ಇಲ್ಲಾಂದ್ರೆ ಓಡಿಸ್ತಿರೋವಾಗ್ಲೇ ಸಿಡಿಯುತ್ತೆ, ನಿಮ್ ಕಾಲ್ ಮಧ್ಯಾನೇ."

ಸ್ಪೀಕರ್ ಆನ್ ಆಗಿತ್ತು. ಪಕ್ಕದಲ್ಲಿ ಅಮ್ಮ ಸೊಪ್ಪು ಬಿಡಿಸುತ್ತಿದ್ದಳು. ಮತ್ತೆ ಖರ್ಚಾ ಎಂದು ಸಿಟ್ಟು ಬಂತು. "ಇದೊಂದು ರೇಸ್ ಆಗ್ಲಿ ಬಿಡಿ" ಎಂದು ಫೋನಿಟ್ಟೆ.

ಅವತ್ತಿನಿಂದ ಅಮ್ಮ ಕೆಂಪಾಪುರದ ನಮ್ಮ ಮನೆಯಲ್ಲಿ ಆ ಬೈಕು ನಿಲ್ಲಿಸಿದ್ದ ಶೆಡ್ಡಿನ ಕಡೆ ಹೋಗುವುದನ್ನೇ ಬಿಟ್ಟಳು. "ಆಫ್ ಮಾಡಿದ್ರೂ ಉಸ್ರಾಡ್ತೈತೆ ಕಣೋ" ಎಂದಳು. ನಾನು ನಕ್ಕೆ. ಆದರೆ ವಾರದಿಂದ ಚಾಲೂ ಮಾಡದ ಆ ಬೈಕಿನ ಹತ್ತಿರ ಹೋದರೆ ನನಗೂ ಬಿಸಿ ತಗುಲಿದಂತಾಗುತ್ತಿತ್ತು.

ಆಯುಧಪೂಜೆಯ ದಿನ ಕಾರು, ಸ್ಕೂಟರ್, ಮಿಕ್ಸಿಗೆಲ್ಲ ಅಮ್ಮನೇ ಕುಂಕುಮವಿಟ್ಟು ಅಕ್ಷತೆ ಹಾಕಿದಳು. ರೇಸ್ ಬೈಕಿನ ಹತ್ತಿರ ಮಾತ್ರ ನನ್ನನ್ನು ಬರಗೊಡದೆ ಒಬ್ಬಳೇ ಹೋದಳು. ರೇಸ್ ಇಂಜಿನ್ನಿಗೆ ಏರ್ ಫಿಲ್ಟರ್ ಇರುವುದಿಲ್ಲ. ಗಾಳಿ ಎಳೆಯುವ ಬಾಯಿ ತೆರೆದೇ ಇರುತ್ತದೆ.

ಮಾರನೆಯ ದಿನ ಕಿಕ್ ಹೊಡೆದರೆ ಇಂಜಿನ್ ಕೆಮ್ಮಿ ನಿಂತುಹೋಯಿತು. ಗೊಣಗುತ್ತಲೇ ಟೆಂಪೊಗೆ ಏರಿಸಿ ಯಲಹಂಕಕ್ಕೆ ಒಯ್ದೆ. ಬಾಯಿಯ ಮೂಲಕ ಅಕ್ಕಿ ಒಳಕ್ಕಿಳಿದಿತ್ತು, ಪೂರ್ತಿ ಬಿಚ್ಚಲೇಬೇಕಾಯಿತು. ಪಿಸ್ಟನ್ ಹಿಡಿದಿರುವ ರಾಡಿನಲ್ಲಿ ಕೂದಲೆಳೆಯಷ್ಟು ಬಿರುಕು. ಮೆಕ್ಯಾನಿಕ್ ಅದನ್ನು ನನ್ನ ಕೈಗಿಟ್ಟು, "ಇನ್ನೊಂದು ರೇಸ್ ಓಡ್ಸಿದ್ರೆ ಇದೇ ಸಿಡೀತಿತ್ತು ಸರ್" ಎಂದರು.

ಮನೆಗೆ ಬಂದವನೇ, "ಅಮ್ಮಾ, ನಿನ್ ಅಕ್ಷತೆ ನನ್ ಜೀವ ಉಳಿಸ್ತು" ಎಂದೆ.

"ಅರಿಶಿನ ಇತ್ತಾ ಅದ್ರಾಗೆ?"

ಇರಲಿಲ್ಲ. ಮೆಕ್ಯಾನಿಕ್ ಒಳಗಿನಿಂದ ತೆಗೆದಿಟ್ಟದ್ದು ಬರೀ ಬಿಳಿ ಅಕ್ಕಿ.

"ಅಕ್ಷತೆ ಅಲ್ಲ ಕಣೋ. ಸತ್ತೋರ್ಗೆ ಆಕ್ತಾರಲ್ಲ, ಬಾಯಿಗಕ್ಕಿ. ಅದ್ನ ಆಕ್ದೆ."

"ಬೈಕಿಗಾ?"

ಅಮ್ಮ ನನ್ನ ಮುಖವನ್ನೇ ನೋಡಿದಳು.

"ಈ ಮನೇಲಿ ಯಾರ್ಗಾದ್ರೂ ಒಬ್ರಿಗೆ ಆಕ್ಲೇಬೇಕಿತ್ತು" ಎಂದಳು.