ಜೇಬಿನ ಬೆಲ್ಲ

ಪಕ್ಕದ ಮನೆ ತಾತನ ಅಂಗಿಯ ಎಡಜೇಬಿನ ಮೇಲೆ ಯಾವಾಗಲೂ ಒಂದು ಕಂದು ಕಲೆ ಇರುತ್ತಿತ್ತು, ಆ ಕಲೆಯ ಸುತ್ತ ಇರುವೆ. ಒಂದೊಂದು ಇರುವೆ ಕಾಲರು ದಾಟಿ ಕುತ್ತಿಗೆಯ ಮೇಲೆ ಓಡಾಡಿದರೂ ಅವರು ಹೊಸಕುತ್ತಿರಲಿಲ್ಲ. ಎರಡು ಬೆರಳಲ್ಲಿ ಮೆಲ್ಲಗೆ ಹಿಡಿದು ಹೊಸ್ತಿಲಾಚೆ ಬಿಡುತ್ತಿದ್ದರು. ಕೈಮೇಲಿನ ಹಳೆಯ ಗಾಯಗಳೊಳಗೆ ಕಲ್ಲಿನ ಪುಡಿ ನೀಲಿಯಾಗಿ ಹಚ್ಚೆಯ ಹಾಗೆ ಉಳಿದುಬಿಟ್ಟಿತ್ತು.

ಜೇಬಿನಲ್ಲಿದ್ದದ್ದು ಬೆಲ್ಲ. ಪೇಪರಿನಲ್ಲಿ ಸುತ್ತಿದ ಒಂದು ಚೂರು. ಚಿನ್ನದ ಗಣಿಯಿಂದ ಮೇಲೆ ಬಂದ ಕೂಡಲೇ ಬೆಲ್ಲ ಬಾಯಿಗೆ ಹಾಕಿಕೊಂಡರೆ ಗಂಟಲಲ್ಲಿ ಕೂತ ಧೂಳು ಇಳಿಯುತ್ತದೆ ಎಂದು ಅವರ ಕಾಲದವರ ನಂಬಿಕೆ. ಗಣಿ ಮುಚ್ಚಿತು. ಧೂಳು ಅವರ ಎದೆಯಲ್ಲಿ ಉಳಿಯಿತು, ಬೆಲ್ಲ ಜೇಬಿನಲ್ಲಿ ಉಳಿಯಿತು.

ನಾನು ಬೂದಿಕೋಟೆ ಕಡೆಯವಳು. ನನ್ನ ಗಂಡನಿಗೆ ಕೆಜಿಎಫ್‌ನ ಫ್ಯಾಕ್ಟರಿಯಲ್ಲಿ ಕೆಲಸ. ಮದುವೆಯಾಗಿ ಊರಿಗಾಂನಲ್ಲಿ ಗಣಿ ಕೆಲಸಗಾರರಿಗೆಂದು ಸಾಲಾಗಿ ಕಟ್ಟಿದ ಹಳೇ ಲೈನ್ ಮನೆಗೆ ಬಂದಾಗ ನಮಗೂ ತಾತನಿಗೂ ನಡುವೆ ಒಂದೇ ಗೋಡೆ. ಅವರ ಹೆಂಡತಿ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ತಮಿಳು, ತೆಲುಗು, ಕನ್ನಡ ಮೂರನ್ನೂ ಒಂದೇ ಪಾತ್ರೆಯಲ್ಲಿ ಕಲಸಿ ಮಾತಾಡುತ್ತಿದ್ದರು. ನಾನು ದೀಪ ಹಚ್ಚಿ ಗಂಟೆ ಆಡಿಸಿದರೆ ಗೋಡೆಯಾಚೆಯಿಂದ, "ಏಮ್ಮಾ, ನಂಗೂ ಸೇರ್ಸಿ ಒಂದು ಸಲ ಒಡಿ" ಎನ್ನುತ್ತಿದ್ದರು. ನಾನು ಇನ್ನೊಂದು ಸಲ ಹೊಡೆಯುತ್ತಿದ್ದೆ.

ಲೈನಿನ ಮಕ್ಕಳೆಲ್ಲ ಅವರ ಜೇಬಿಗೆ ಕೈಹಾಕುವವರೇ. ನನ್ನ ಮಗಳೂ ಹಾಗೇ ಬೆಳೆದಳು. ಒಂದನೇ ಕ್ಲಾಸಿನಲ್ಲಿರುವಾಗ ಅವಳು ಇದ್ದಕ್ಕಿದ್ದಂತೆ ಸೊರಗಿದಳು. ಚೊಂಬುಗಟ್ಟಲೆ ನೀರು ಕುಡಿಯುತ್ತಿದ್ದಳು. ಒಂದು ದಿನ ಅಂಗಳದಲ್ಲೇ ಬಿದ್ದಳು. ಕೋಲಾರದ ಆಸ್ಪತ್ರೆಯಲ್ಲಿ ಸಕ್ಕರೆ ಕಾಯಿಲೆ ಎಂದರು. ಜೀವಮಾನವೆಲ್ಲ ಇಂಜೆಕ್ಷನ್. ಸಿಹಿ ತಿಂದದ್ದಕ್ಕೆ ಬಂದದ್ದಲ್ಲ, ಮಕ್ಕಳಿಗೆ ಹೀಗೆ ತಾನಾಗಿ ಬರುತ್ತದೆ ಎಂದು ಡಾಕ್ಟರು ಬಿಡಿಸಿ ಹೇಳಿದರು. ನಾವು ತಾತನಿಗೂ ಹೇಳಿದೆವು. ಅವರು ಒಪ್ಪಲಿಲ್ಲ.

"ನನ್ ಬೆಲ್ಲವೇ ಕಣಮ್ಮಾ. ನಾನೇ ಕೊಟ್ಟೆ, ನಾನೇ ಮಾಡ್ದೆ."

ಆ ಶುಕ್ರವಾರ ಲೈನಿನ ಮಾರಿಯಮ್ಮನ ಗುಡಿಯಲ್ಲಿ ಬರಿಯ ಅಂಗೈ ಮೇಲೆ ಕರ್ಪೂರ ಹಚ್ಚಿಕೊಂಡು ಆಣೆ ಮಾಡಿದರು. "ಈ ಕೈಯಿಂದ ಈ ಮಗೀಗೆ ಸಿಹಿ ಕೊಟ್ರೆ ನನ್ ಉಸಿರು ನಿಂತೋಗ್ಲಿ ತಾಯಿ." ಕರ್ಪೂರ ಉರಿದು ಮುಗಿಯುವವರೆಗೂ ಕೈ ಅಲುಗಲಿಲ್ಲ. ಬಲ ಅಂಗೈಯಲ್ಲಿ ದುಂಡನೆಯ ಸುಟ್ಟ ಗುರುತು ಕೊನೆಯವರೆಗೂ ಇತ್ತು.

ಸಕ್ಕರೆ ಏರುವುದಷ್ಟೇ ಅಲ್ಲ, ಒಮ್ಮೊಮ್ಮೆ ತೀರಾ ಇಳಿಯುತ್ತದೆ, ಆಗ ಸಿಹಿ ಕೊಡದಿದ್ದರೆ ಪ್ರಾಣಕ್ಕೇ ಅಪಾಯ ಎಂದು ನಾನು ಅವರಿಗೆ ಎಷ್ಟೋ ಸಲ ಹೇಳಿದ್ದೆ. ಅವರು ತಲೆ ಕೊಡವುತ್ತಿದ್ದರು. "ವಿಷಾನೂ ಅದೇ, ಔಷ್ದಾನೂ ಅದೇ ಅಂತೀಯ. ನಿಮ್ ಡಾಕ್ಟ್ರ ಸಾವಾಸ ನಂಗ್ ಬ್ಯಾಡ." ಬೆಲ್ಲ ಮಾತ್ರ ಬಿಡಲಾರರು. ಮಗಳು ಬಂದರೆ ಜೇಬಿನ ಮೇಲೆ ಕೈ ಮುಚ್ಚಿಕೊಂಡು ಕೂರುತ್ತಿದ್ದರು.

ಅವಳು ನಾಲ್ಕನೇ ಕ್ಲಾಸು ಮುಗಿಸಿದ ರಜೆಯಲ್ಲಿ ನನ್ನ ಗಂಡನ ಜೊತೆ ಕೆಲಸ ಮಾಡುವ ಕೆಲವು ಮನೆಯವರು ಕೇರಳಕ್ಕೆ ಹೊರಟರು, ನಾವೂ ಸೇರಿಕೊಂಡೆವು. ಮೊದಲು ಸಮುದ್ರ, ಆಮೇಲೆ ಬೆಟ್ಟ. ಬೆಟ್ಟದಲ್ಲಿ ಜಿಪ್‌ಲೈನ್ ಎಂದು ಕಣಿವೆಯ ಮೇಲೆ ತಂತಿಯಲ್ಲಿ ತೂಗಿಕೊಂಡು ಆಚೆ ದಡಕ್ಕೆ ಹೋಗುವುದು, ಅಲ್ಲಿಂದ ದಪ್ಪ ಟೈರಿನ, ಚಾವಣಿಯಿಲ್ಲದ ಗಾಡಿಯಲ್ಲಿ ಕಾಡುದಾರಿ ಹಿಡಿದು ವಾಪಸ್ಸು ಬರುವುದು. ಫೋನಿನಲ್ಲಿ ಅದರ ವಿಡಿಯೋ ನೋಡಿ ನೋಡಿ ಮಗಳಿಗೆ ಹುಚ್ಚು ಹಿಡಿದಿತ್ತು. ಒಬ್ಬರು ಬರುವುದಿಲ್ಲ ಎಂದಾಗ, ಆ ಜಾಗಕ್ಕೆ ತಾತ ಬರಲಿ ಎಂದು ಹಟ ಮಾಡಿದಳು.

ನನ್ನ ಗಂಡ, "ನಿಮಗ್ಯಾಕೆ ತಾತಾ ಇದೆಲ್ಲಾ, ದಮ್ಮು ಬೇರೆ" ಎಂದರು.

"ಆಯಸ್ಸೆಲ್ಲಾ ಕೆಳಕ್ಕೇ ಇಳ್ದೋನಪ್ಪಾ ನಾನು. ಒಂದ್ಸಲ ಮೇಲ್ಗಡೆ ಓಗಿ ನೋಡ್ತೀನಿ, ಬುಡು."

ಮಾರಿಕುಪ್ಪಂ ರೈಲಿನಲ್ಲಿ ಬಂಗಾರಪೇಟೆಗೆ ಬಂದು, ಕೇರಳದ ಮೇಲೆ ಹೋಗುವ ಕನ್ಯಾಕುಮಾರಿ ಗಾಡಿಗೆ ಕಾದೆವು. ಗಾಡಿ ಬರುತ್ತಲೇ ತಾತ ತಕರಾರು ತೆಗೆದರು. ಗಂಡ, ಹೆಂಡತಿ, ಮಗು ಮೂವರೂ ಒಂದೇ ಡಬ್ಬಿಯಲ್ಲಿ ಕೂರಬಾರದು. ಅವರ ಅಪ್ಪ, ಅಣ್ಣ ಇಬ್ಬರೂ ಒಂದೇ ಕೇಜಿನಲ್ಲಿ, ಅಂದರೆ ಹಗ್ಗಕ್ಕೆ ತೂಗುವ ಕಬ್ಬಿಣದ ಪಂಜರದಲ್ಲಿ, ಗಣಿಗೆ ಇಳಿದು, ಕೆಳಗೆ ಬಂಡೆ ಸಿಡಿದು, ಒಂದೇ ದಿನ ಹೆಣವಾಗಿ ಮೇಲೆ ಬಂದವರು. ಅವತ್ತಿನಿಂದ ಒಂದು ಮನೆಯವರು ಒಂದು ಕೇಜಲ್ಲಿ ಇಳಿಯಬಾರದು ಎನ್ನುವುದು ಅವರಿಗೆ ವೇದ.

"ತಾತಾ, ಇದು ಕೇಜಲ್ಲ, ರೈಲು" ಎಂದರು ನನ್ನ ಗಂಡ.

"ಅಗ್ಗ ಇಲ್ದಿದ್ರೇನ್ಲಾ, ಅದೂ ಕಬ್ಬಿಣವೇ ತಾನೇ."

ಎಲ್ಲರೂ ನಕ್ಕರು. ನನ್ನ ಗಂಡ ನಗುತ್ತಲೇ ಬೇರೆ ಡಬ್ಬಿಗೆ ಹೋದರು.

ಸಮುದ್ರದ ಎದುರು ತಾತ ಬಹಳ ಹೊತ್ತು ನಿಂತು, "ಮುಚ್ಚಿದ್ ಗಣೀಲಿ ನೀರು ತುಂಬೈತಲ್ಲ, ಅದೂ ಇಷ್ಟೇ ಇರ್ಬೋದಾ?" ಎಂದು ಕೇಳಿದ್ದು ನೆನಪಿದೆ. ಮರುದಿನ ಬೆಟ್ಟ ಹತ್ತಿದೆವು.

ಜಿಪ್‌ಲೈನಿನ ಹತ್ತಿರ ಅಕ್ಕಪಕ್ಕ ಎರಡು ತಂತಿ. ಇಬ್ಬಿಬ್ಬರನ್ನು ಒಟ್ಟಿಗೆ ಬಿಡುತ್ತಿದ್ದರು. ಮಗಳ ಜೊತೆ ಅವಳಪ್ಪ ನಿಂತಾಗ ತಾತ ಅಡ್ಡ ಬಂದರು. "ಅಪ್ಪ ಮಗಳು ಒಂದೇ ಸಲ ಬ್ಯಾಡ. ನಾನು ಓಗ್ತೀನಿ ಕಣ್ಣು ಜೊತೆ. ನೀನು ನಮ್ ಇಂದ್ಗಡೆ ಬಾ." ಮಗಳನ್ನು ಅವರು ಕಣ್ಣು ಎಂದೇ ಕರೆಯುತ್ತಿದ್ದುದು. ವಯಸ್ಸು ಕೇಳಿದಾಗ ಕಮ್ಮಿ ಹೇಳಿದರು. ಕೆಮ್ಮು ಬಂದದ್ದನ್ನು ತುಟಿ ಕಚ್ಚಿ ನುಂಗಿದರು. ಜೇಬು, ಚೀಲ ಎಲ್ಲ ಖಾಲಿ ಮಾಡಿ ಹೋಗಬೇಕಿತ್ತು. ಮಗಳ ಸೊಂಟದ ಚೀಲ, ಗ್ಲೂಕೋಸು ಬಿಸ್ಕತ್ತು ಇದ್ದದ್ದು, ನನ್ನ ಕೈಗೆ ಬಂತು. ಮುಂದಿನ ಸರದಿಯಲ್ಲೇ ಅವಳಪ್ಪ ತೆಗೆದುಕೊಂಡು ಹೋಗುವುದೆಂದು ಮಾತಾಯಿತು. ತಾತನ ಜೇಬು ತೋರಿಸಿ ಅಲ್ಲಿನ ಕೆಲಸದವನು ಅದೇನು ಎಂದು ಕೇಳಿದ. ತಾತ ತಮಿಳಿನಲ್ಲಿ, ಅದು ಸಾಮಾನಲ್ಲಪ್ಪಾ, ಬೆಲ್ಲ ಎಂದರು. ಅವನು ನಕ್ಕು ಬಿಟ್ಟುಬಿಟ್ಟ.

ಇಬ್ಬರೂ ಹೋದರು. ಮಗಳ ಕೂಗು ಕಣಿವೆಯಲ್ಲಿ ಖುಷಿಯಾಗಿ ಕೇಳಿಸಿತು. ತಾತನ ಪಂಚೆಯನ್ನು ಕಾಲಿಗೆ ಕಟ್ಟಿದ್ದರು, ಬಿಳಿ ಗಂಟಿನ ಹಾಗೆ ಆಚೆ ದಡ ಸೇರಿದ್ದು ಕಂಡಿತು. ಆಮೇಲೆ ಗಾಳಿ ಎದ್ದಿತು. ನೋಡನೋಡುತ್ತಲೇ ಮಳೆ. ತಂತಿ ಅಲ್ಲಾಡತೊಡಗಿತು. ಇನ್ನು ಯಾರನ್ನೂ ಬಿಡುವುದಿಲ್ಲ ಎಂದು ನಿಲ್ಲಿಸಿಬಿಟ್ಟರು. ಚೀಲ ನನ್ನ ಕೈಯಲ್ಲೇ ಉಳಿಯಿತು.

ಊಟಕ್ಕೆ ಮೊದಲು ಅವಳಿಗೆ ಇಂಜೆಕ್ಷನ್ ಕೊಟ್ಟಿದ್ದೆ. ಖುಷಿಯಲ್ಲಿ ಅವಳು ಅರ್ಧ ಊಟ ಬಿಟ್ಟಿದ್ದಳು. ಇಂಜೆಕ್ಷನ್ ಆದ ಮೇಲೆ ಊಟ ಕಮ್ಮಿಯಾದರೆ ಸಕ್ಕರೆ ಇಳಿದುಬಿಡುತ್ತದೆ. ಉಳಿದದ್ದನ್ನು ಬಿಸ್ಕತ್ತಿನಲ್ಲಿ ಸರಿಮಾಡೋಣ ಎಂದುಕೊಂಡಿದ್ದೆ. ಗಾಡಿ ಹೊರಟಿದೆ, ಈಗ ಬಂದುಬಿಡುತ್ತದೆ ಎಂದರು. ಬರಲಿಲ್ಲ. ಕೆಲಸದವನು ವಾಕಿಟಾಕಿಯಲ್ಲಿ ಕೇಳಿ ಹೇಳಿದ. ಗಾಡಿ ದಾರಿಯಲ್ಲಿ ಕೆಸರಿಗೆ ಹೂತಿದೆ. ಓಡಿಸುವವನು ಸರಪಳಿ ತರಲು ನಡೆದು ಹೋಗುತ್ತಿದ್ದಾನೆ. ಅಜ್ಜ, ಮಗು ಅಲ್ಲೇ ಮರದ ಕೆಳಗೆ ಕೂತಿದ್ದಾರೆ.

"ಅವರ ಜೇಬಲ್ಲಿ ಬೆಲ್ಲ ಐತೆ, ಮಗೀಗೆ ಕೊಡು ಅಂತ ಏಳಪ್ಪಾ, ನಿನ್ ಕಾಲಿಗೆ ಬೀಳ್ತೀನಿ" ಎಂದೆ. ಅವನಿಗೆ ಭಾಷೆ ತಿಳಿಯಲು ಒಂದಿಷ್ಟು ಹೊತ್ತು. ತಿಳಿದ ಮೇಲೆ ಅವನೇ ತಲೆತಗ್ಗಿಸಿದ. ವಾಕಿಟಾಕಿ ಓಡಿಸುವವನ ಹತ್ತಿರ ಇತ್ತು, ಅವನು ಅವರನ್ನು ಬಿಟ್ಟು ಬಹುದೂರ ಬಂದಾಗಿತ್ತು. ಫೋನುಗಳೆಲ್ಲ ಈಚೆಯ ಬುಟ್ಟಿಯಲ್ಲಿದ್ದವು.

ನನ್ನ ಗಂಡ ಚೀಲ ಕಿತ್ತುಕೊಂಡು ಜೀಪು ಹಿಡಿದು ಸುತ್ತುದಾರಿಯಲ್ಲಿ ಹೋದರು. ನಾನು ತಂತಿಯ ಕಂಬ ಹಿಡಿದುಕೊಂಡು ನಿಂತೆ. ನನಗೆ ಎರಡು ವಿಷಯ ಗೊತ್ತಿತ್ತು. ನನ್ನ ಮಗಳ ಪ್ರಾಣ ಅವಳ ಪಕ್ಕದಲ್ಲಿ ಕೂತವರ ಜೇಬಿನಲ್ಲಿದೆ. ಆ ಜೇಬಿಗೆ ಅವರು ಕೈ ಹಾಕುವುದಿಲ್ಲ, ದೇವಿಯ ಮುಂದೆ ಕೈ ಸುಟ್ಟುಕೊಂಡಿದ್ದಾರೆ. ದಿನಾ ದೀಪ ಹಚ್ಚಿದವಳು ನಾನು, ಆ ಹೊತ್ತಿನಲ್ಲಿ ಒಂದು ಶ್ಲೋಕವೂ ಬಾಯಿಗೆ ಬರಲಿಲ್ಲ. ಆಣೆ ಮುರಿಸು ತಾಯೀ, ಆಣೆ ಮುರಿಸು ಎಂದಷ್ಟೇ ಅನ್ನುತ್ತಿದ್ದೆ. ಭಕ್ತರ ಮಾತು ಉಳಿಸು ಎಂದು ಬೇಡುವುದು ಕಂಡಿದ್ದೇನೆ. ಮಾತು ಮುರಿಸು ಎಂದು ಬೇಡಿದವಳು ನಾನೊಬ್ಬಳೇ ಇರಬೇಕು. ಕಣಿವೆಯ ತುಂಬ ಮಂಜು ತುಂಬಿ ಆಚೆ ದಡ ಅಳಿಸಿಹೋಯಿತು. ಜೊತೆಯವರು ಸೆರಗು ಹೊದಿಸಿದರು, ನೀರು ಕೊಟ್ಟರು. ಮಗಳು ಇಲ್ಲದೆ ಊರಿಗಾಂ ಸ್ಟೇಷನ್ನಿನಲ್ಲಿ ಹೇಗೆ ಇಳಿಯುವುದು ಎಂಬಲ್ಲಿಗೆ ನನ್ನ ಮನಸ್ಸು ಹೋಗಿಬಿಟ್ಟಿತ್ತು.

ಆಚೆ ನಡೆದದ್ದನ್ನು ಆಮೇಲೆ ತಾತ ಹೇಳಿದರು, ಮಗಳೂ ಹೇಳಿದಳು.

ಅವಳಿಗೆ ಕೈ ನಡುಗಿ ಬೆವರು ಕಿತ್ತುಕೊಂಡಿತು. "ತಾತಾ, ನಂಗೆ ಲೋ ಆಗ್ತಾ ಐತೆ, ಸಕ್ಕರೆ ಇಳೀತಾ ಐತೆ. ಬೆಲ್ಲ ಕೊಡಿ" ಎಂದಳು. ಆಸ್ಪತ್ರೆಯವರು ಅವಳಿಗೆ ಕಲಿಸಿದ್ದರು. ತಾತ ಜೇಬಿನ ಮೇಲೆ ಕೈ ಮುಚ್ಚಿಕೊಂಡರು. "ಬ್ಯಾಡ ಕಣ್ಣು. ಆಸೆ ಪಡಬ್ಯಾಡ. ಅಪ್ಪ ಬತ್ತಾನೆ." ಅವಳು ಮತ್ತೆ ಕೇಳಿದಳು. ಅತ್ತಳು, ಬೈದಳು, ಅವರ ಕೈಬೆರಳು ಬಿಡಿಸಲು ನೋಡಿದಳು. ಅವರು ಅವಳನ್ನು ಎತ್ತಿಕೊಂಡು ನಡೆಯಲು ಹೋದರು. ಹತ್ತು ಹೆಜ್ಜೆಗೆ ಉಸಿರು ಕಟ್ಟಿ ಕೆಸರಿನಲ್ಲಿ ಕುಸಿದರು. ಕೂಗಲು ನೋಡಿದರು, ದನಿ ಬರಲಿಲ್ಲ. ಅವಳು ಶಾಲೆಯ ಬೆಲ್ಲು ಹೊಡೆಯಿತು ಎಂದೇನೋ ತೊದಲಿದಳು. ಆಮೇಲೆ ಅದೂ ನಿಂತಿತು.

"ಕೇಳೋ ತನ್ಕ ತಡ್ಕೊಂಡಿದ್ದೆ ಏಮ್ಮಾ" ಎಂದರು ತಾತ. "ಕೇಳೋದು ನಿಲ್ಲಿಸ್ಬಿಡ್ತಲ್ಲ, ಆಗ ಕೊಟ್ಟೆ."

ಬೆಲ್ಲವನ್ನು ತಾವೇ ಹಲ್ಲಲ್ಲಿ ಕಚ್ಚಿ ಪುಡಿಮಾಡಿ, ಮಳೆನೀರಲ್ಲಿ ಕಲಸಿ, ಅವಳ ಒಸಡಿಗೆ ಸವರಿದರು. ಸವರುತ್ತಲೇ ಹೋದರು.

ಜೀಪು ಮುಟ್ಟಿದಾಗ ಮಗಳು ಕಣ್ಣುಬಿಟ್ಟು ಅವರ ತೊಡೆಯ ಮೇಲೆ ಒರಗಿದ್ದಳಂತೆ. ತಾತ ನನ್ನ ಗಂಡನಿಗೆ ಕೈಮುಗಿದು, "ಕೊಟ್ಬುಟ್ಟೆ ಕಣಪ್ಪಾ, ಕೊಟ್ಬುಟ್ಟೆ" ಎಂದು ಕೊಲೆ ಮಾಡಿದವರ ಹಾಗೆ ಅಳುತ್ತಿದ್ದರಂತೆ.

"ಬದುಕಿಸಿದ್ರಿ ತಾತಾ" ಎಂದು ಇವರು ಎಷ್ಟು ಹೇಳಿದರೂ ನಂಬಲಿಲ್ಲ. ನನ್ನ ಹತ್ತಿರ ಬಂದಾಗ ನಾನು ಕೆಸರಿನಲ್ಲೇ ಅವರ ಕಾಲು ಮುಟ್ಟಿದೆ. ಅಂಗಿಯ ಜೇಬು ಒಳಹೊರಗಾಗಿತ್ತು.

ದೇವರು ಅವತ್ತು ನನಗೆ ಕೊಟ್ಟದ್ದನ್ನು ನಾನು ಮರೆಯುವುದಿಲ್ಲ. ಮುಂದೆ ನಡೆದದ್ದನ್ನೂ ಮರೆಯಲಾರೆ.

ಆ ಮಳೆಯಲ್ಲಿ ನೆಂದ ಎದೆ ಮತ್ತೆ ಸರಿಹೋಗಲಿಲ್ಲ. ಮೊದಲೇ ಧೂಳು ತುಂಬಿದ್ದ ಎದೆ. ಊರಿಗೆ ಬಂದ ಮೇಲೆ ತಾತ ಮಲಗಲಾರದೆ ದಿಂಬುಗಳಿಗೆ ಒರಗಿ ಕೂತೇ ಇರುತ್ತಿದ್ದರು. ಗಾಳಿಕಾಲಕ್ಕೆ ಗಣಿಯ ಮಣ್ಣಿನ ದಿಬ್ಬಗಳಿಂದ ಬಿಳಿ ಧೂಳು ಹಾರಿ ಬರುತ್ತದೆ. ನಾನು ಅವರ ಕಿಟಕಿಗೆ ಒದ್ದೆ ಗೋಣಿ ಕಟ್ಟುತ್ತಿದ್ದೆ. ಒಂದೊಂದು ಉಸಿರನ್ನೂ ಅವರು ಬಾವಿಯಿಂದ ಸೇದಿದಂತೆ ಸೇದುತ್ತಿದ್ದರು. ಗೋಡೆಯೀಚೆ ನಾನು ಅಡುಗೆ ಮಾಡುತ್ತಾ ಮುಂದಿನ ಉಸಿರಿಗೆ ಕಿವಿಗೊಟ್ಟು ನಿಲ್ಲುತ್ತಿದ್ದೆ.

"ಉಸಿರು ನಿಂತೋಗ್ಲಿ ಅಂದಿದ್ನಲ್ಲ. ಅವ್ಳು ಮರ್ತಿಲ್ಲ" ಎಂದರು ಒಮ್ಮೆ.

"ಅಲ್ಲ ತಾತಾ, ಅದು ಗಣಿ ಧೂಳು. ಡಾಕ್ಟ್ರೇ ಏಳವ್ರೆ."

"ಡಾಕ್ಟ್ರು ಬೆಲ್ಲದಿಂದ ಬಂದಿದ್ದಲ್ಲ ಅಂತಾನೂ ಏಳಿದ್ರು." ನಗಲು ಹೋಗಿ ಕೆಮ್ಮಿದರು.

ನಾನು ಒದ್ದೆ ಬಟ್ಟೆಯಲ್ಲಿ ಗುಡಿ ಸುತ್ತಿದೆ. ಬಂಗಾರು ತಿರುಪತಿಗೆ ಹೋಗಿ ಬೇಡಿಕೊಂಡೆ. ಅವರ ದಮ್ಮು ಇಳಿಯಲಿಲ್ಲ. ಆಣೆ ಬಿಡಿಸಿಕೊಡಿ ಎಂದು ಮಾರಿಯಮ್ಮನ ಪೂಜಾರಿಯನ್ನು ಕೇಳಿದೆ. ಮಾಡಿದವರೇ ಬಂದು ದೇವಿಯ ಪಾದ ಮುಟ್ಟಿ ಬಿಡಿಸಿಕೊಳ್ಳಬೇಕು, ಬೇರೆಯವರಿಂದ ಆಗದು ಎಂದರು. ಆಗ ನನ್ನ ಗಂಡ ತಾತನನ್ನು ಆಟೋದಲ್ಲಿ ಕರೆತಂದು, ಮಗುವಿನ ಹಾಗೆ ಎತ್ತಿಕೊಂಡು ಗುಡಿಯೊಳಗೆ ಕೂರಿಸಿದರು.

ಪೂಜಾರಿ, "ಕೇಳ್ಕೊಳ್ಳಿ" ಎಂದರು. ತಾತ ದೇವಿಯನ್ನು ನೋಡುತ್ತಾ ಕೂತರು. ಪಕ್ಕದಲ್ಲಿ ನನ್ನ ಮಗಳು ತಟ್ಟೆ ಹಿಡಿದು ನಿಂತಿದ್ದಳು. ಅವಳನ್ನೂ ನೋಡಿದರು. ಕೈ ಮುಂದೆ ಹೋಗಲಿಲ್ಲ.

"ಕೇಳಿ ತಾತಾ" ಎಂದು ನಾನು ಅತ್ತೆ. "ನಿಮ್ ದಮ್ಮಯ್ಯಾ, ಕೇಳಿ."

"ಬ್ಯಾಡಮ್ಮಾ" ಎಂದರು. ಒಂದೊಂದು ಮಾತಿಗೂ ನಿಂತು ನಿಂತು. "ನಂದು ವಾಪಸ್ ಕೊಡು ಅಂತ ನಾ ಕೇಳ್ದ್ರೆ... ಕೊಟ್ಟಿದ್ದು ವಾಪಸ್ ಕೊಡು ಅಂತ ಅವ್ಳೂ ಕೇಳ್ಬೋದಲ್ಲ... ಇರ್ಲಿ. ಯಾಪಾರ ಒಳ್ಳೇದಾಗೈತೆ."

ದೇವಿ ಅಂಥವಳಲ್ಲ ಎಂದು ಪೂಜಾರಿ ಹೇಳಿದರು. ನಾನೂ ಹೇಳಿದೆ. ತಾತ ಮಗಳ ತಟ್ಟೆಯಿಂದ ಒಂದು ಹೂವು ತೆಗೆದುಕೊಂಡು ಜೇಬಿಗೆ ಹಾಕಿಕೊಂಡರು. ಮನೆಗೆ ಹೋಗೋಣ ಎಂದು ಸನ್ನೆ ಮಾಡಿದರು.

ಹೆಚ್ಚು ದಿನ ಉಳಿಯಲಿಲ್ಲ. ಬೆಳಿಗ್ಗೆ ನಾನು ಗಂಟೆ ಆಡಿಸಿದೆ. ಅವರ ಪಾಲಿನದನ್ನೂ ಹೊಡೆದೆ. ಗೋಡೆಯಾಚೆ ಉಸಿರು ಕೇಳಿಸಲಿಲ್ಲ. ಹೋಗಿ ನೋಡಿದರೆ ಕೂತ ಹಾಗೇ ಇದ್ದರು, ಮುಖಕ್ಕೆ ಬಿಸಿಲು ಬಿದ್ದಿತ್ತು. ಕೊನೆಗೆ ಒದ್ದಾಡಿದ ಗುರುತಿರಲಿಲ್ಲ. ದೇವಿ ಅಷ್ಟು ಕರುಣೆ ತೋರಿಸಿದಳು ಎಂದು ನಾನು ಲೆಕ್ಕಕ್ಕೆ ಹಿಡಿದುಕೊಂಡಿದ್ದೇನೆ. ಅದು ಶಿಕ್ಷೆಯಲ್ಲ, ಧೂಳು ಎಂದು ಅವರಿಗೆ ನಂಬಿಸಲು ಮಾತ್ರ ನನ್ನಿಂದ ಆಗಲಿಲ್ಲ. ಇವತ್ತಿಗೂ ದೀಪದ ಮುಂದೆ ಕೂತರೆ, ಅದನ್ನು ನೀನಾದರೂ ಅವರಿಗೆ ಹೇಳಿದೆಯಾ ತಾಯೀ ಎಂದು ಕೇಳುತ್ತೇನೆ.

ಮಗಳು ಈಗ ನನ್ನ ಭುಜಕ್ಕೆ ಬಂದಿದ್ದಾಳೆ. ಅವಳ ಸೊಂಟದ ಚೀಲದಲ್ಲಿ ಗ್ಲೂಕೋಸಿನ ಜೊತೆ ಪೇಪರಿನಲ್ಲಿ ಸುತ್ತಿದ ಒಂದು ಚೂರು ಬೆಲ್ಲವನ್ನೂ ನಾನೇ ಇಡುತ್ತೇನೆ. ಚೀಲಕ್ಕೆ ಇರುವೆ ಹತ್ತುತ್ತದೆ. ಶಾಲೆಗೆ ಹೊತ್ತಾಯಿತು ಎಂದು ಅವಳು ಗೊಣಗುತ್ತಾ ನಿಂತಿದ್ದರೂ, ಒಂದೊಂದನ್ನೇ ಎರಡು ಬೆರಳಲ್ಲಿ ಹಿಡಿದು ಹೊಸ್ತಿಲಾಚೆ ಬಿಟ್ಟೇ ಅವಳನ್ನು ಕಳಿಸುತ್ತೇನೆ.