ತಲೆಗೆ ಬಿಗಿದ ಟವಲ್

ಬಲಗಾಲಿನ ಬೂಟಿಗೆ ಎಡಗಾಲು ತುರುಕುತ್ತಾ ಕುಳಿತಿದ್ದ ಗುರುಗುಂಟಾದ ಗೆಳೆಯ ಶರಣಪ್ಪನನ್ನು ಕಂಡು ನನಗೆ ಗಾಬರಿಯಾಯಿತು. ಹಿಮಾಲಯದ ಚಾರಣದಲ್ಲಿ ನಾವು ತುದಿ ಏರಬೇಕಿದ್ದ ಬೆಳಗದು. ನಮ್ಮ ಕಡೆ ಬಿಸಿಲಿಗೆ ತಲೆ ಸಿಡಿದರೆ ಕಟ್ಟುವ ಹಾಗೆ ಅವನು ತಲೆಗೆ ಟವಲ್ ಬಿಗಿದಿದ್ದ.

ತಲೆನೋವು, ವಾಂತಿ ಇದೆಯೇ ಎಂದು ಗೈಡ್ ದಿನಾ ಸಂಜೆ ಹಿಂದಿಯಲ್ಲಿ ಕೇಳುತ್ತಿದ್ದ. ಶರಣಪ್ಪನಿಗೆ ಹಿಂದಿ ಬಾರದು. ಮನೆಯಲ್ಲಿ ದಖ್ನಿ ಉರ್ದು ಆಡುವ ಮುದಗಲ್ಲಿನ ನಾನೇ ಅವನ ಪರವಾಗಿ ಹೇಳಬೇಕು. ಎರಡು ದಿನದಿಂದ ಅವನಿಗೆ ತಲೆನೋವಿತ್ತು. "ಏನಿಲ್ಲ ಅಂತ ಹೇಳು ಭಾಯ್. ತಲಿನೋವಿಗೆ ಯಾರರ ಗುಡ್ಡ ಇಳೀತಾರೇನು?" ಎಂದಿದ್ದ. ಎರಡೂ ಸಂಜೆ ನಾನು ಹಾಗೇ ಹೇಳಿದ್ದೆ.

ಈಗ ಗೈಡ್ ಕೇಳುವ ಮೊದಲೇ ಎಲ್ಲ ಹೇಳಿಬಿಟ್ಟೆ. ಅವನು ಶರಣಪ್ಪನನ್ನು ಎಬ್ಬಿಸಿ ನಡೆಸಿ ನೋಡಿದ. ನೆಟ್ಟಗೆ ನಾಲ್ಕು ಹೆಜ್ಜೆ ಇಡಲಾಗಲಿಲ್ಲ. ಇದು ಎತ್ತರದ ಗಾಳಿಗೆ ಬಂದ ಬೇನೆ, ಕೆಳಗಿಳಿಸಲು ತಡಮಾಡಿದರೆ ಜೀವಕ್ಕೇ ಅಪಾಯ ಎಂದವನೇ ಶರಣಪ್ಪನ ಒಂದು ರಟ್ಟೆ ಹಿಡಿದ, ಇನ್ನೊಂದನ್ನು ನಾನು ಹಿಡಿದೆ. "ನೀ ಹೇಳಬಾರದಿತ್ತಲೇ" ಎಂದು ಶರಣಪ್ಪ ಇಳಿಯುವಾಗೆಲ್ಲ ತೊದಲುತ್ತಲೇ ಇದ್ದ.

ಕೆಳಗಿನ ಹಳ್ಳಿ ಮುಟ್ಟಿದ ಮೇಲೆ ಅವನು ಚಹಾ ಕೇಳಿದ, ಟವಲ್ ತಾನೇ ಬಿಚ್ಚಿದ. ನಾನು ಹೇಳಿದ ಆ ಎರಡು 'ಏನಿಲ್ಲ' ಮಾತ್ರ ಇವತ್ತಿಗೂ ನನ್ನನ್ನು ಬಿಟ್ಟಿಲ್ಲ.