ಅಟ್ಟದ ಮೇಲಿನ ಹುಡುಗಿ

ಒಣಗಿದ ತೆಂಗಿನಕಾಯಿಯ ಚಿಪ್ಪು ಒಡೆದಾಗ ಬರುವ ಕೊಬ್ಬರಿಯ ವಾಸನೆ ನಿಮಗೂ ಗೊತ್ತಿರಬೇಕು. ಮೊನ್ನೆ ಬೀರೂರಿನ ಅಂಗಡಿಯೊಂದರ ಮುಂದೆ ಅದು ಮೂಗಿಗೆ ಬಡಿದದ್ದೇ ತಡ, ನಾನು ಸಖರಾಯಪಟ್ಟಣದ ನಮ್ಮ ಹಳೇ ಮನೆಯ ಅಟ್ಟದ ಏಣಿ ಹತ್ತುತ್ತಿದ್ದೆ. ಆ ಅಟ್ಟ ಈಗಿಲ್ಲ. ಪಾಲಾದ ಮೇಲೆ ಮನೆಯನ್ನೇ ಕೆಡವಿದರು. ಆಗ ಅಲ್ಲಿ ಕಾಯಿಗಳು ಸಿಪ್ಪೆ ಸಮೇತ ವರ್ಷವಿಡೀ ಮಲಗಿರುತ್ತಿದ್ದವು. ಒಳಗಿನ ನೀರು ಆರಿ, ಕೊಬ್ಬರಿ ಚಿಪ್ಪು ಬಿಟ್ಟು ಗಡಗಡ ಅನ್ನುವ ತನಕ ಅವನ್ನು ಯಾರೂ ಇಳಿಸುವಂತಿರಲಿಲ್ಲ. ಅಜ್ಜಿ ಒಂದೊಂದನ್ನೇ ಕಿವಿಯ ಹತ್ತಿರ ಅಲ್ಲಾಡಿಸಿ, "ಇದ್ರಲ್ಲಿನ್ನೂ ನೀರೈತೆ, ಮಲ್ಗಲಿ ಬಿಡು" ಅನ್ನುತ್ತಿದ್ದಳು. ಹತ್ತನೇ ಕ್ಲಾಸಿನಲ್ಲಿದ್ದ ನಾನು ಅಂಥ ನೀರಿರುವ ಕಾಯಿಗಳ ಹಿಂದೆಯೇ ಒಂದು ಕಾದಂಬರಿ ಬಚ್ಚಿಟ್ಟಿದ್ದೆ.

ಕೊಟ್ಟವಳು ಸುಧಾ ಚಿಕ್ಕಮ್ಮ, ನಮ್ಮ ಚಿಕ್ಕಪ್ಪನ ಹೆಂಡತಿ. ಬೀರೂರಿನ ತವರಿಂದ ಟ್ರಂಕಿನಲ್ಲಿ ಸೀರೆಗಳ ಕೆಳಗೆ ತಂದಿದ್ದಳು. "ಲೇ, ಕೊನೇ ಹಾಳೆಗಳಿಲ್ಲ ಕಣೇ. ಆಮೇಲೇನಾಯ್ತು ಅಂತ ನೀನೇ ಅಂದ್ಕೋ" ಅಂದಳು. ಅದರಲ್ಲಿ ಹದಿನಾರರ ಹುಡುಗಿಯೊಬ್ಬಳು ತನ್ನ ಕಥೆಯನ್ನು ತಾನೇ ಹೇಳುತ್ತಾಳೆ. ಗಂಡಿನ ಕಡೆಯವರು ನೋಡಲು ಬಂದ ದಿನ ಅಡುಗೆಮನೆಯಲ್ಲಿ ಜಡೆ ಕತ್ತರಿಸಿಕೊಂಡು, ಹಾಗೇ ಹೋಗಿ ಉಪ್ಪಿಟ್ಟು ಬಡಿಸುತ್ತಾಳೆ! ನಮ್ಮ ಹದಿನಾಲ್ಕು ಜನರ ಮನೆಯಲ್ಲಿ ಒಬ್ಬರೂ ನನ್ನ ಜೊತೆ ಹಾಗೆ ಮನಸ್ಸು ಬಿಚ್ಚಿ ಮಾತಾಡಿರಲಿಲ್ಲ. ಅಟ್ಟದ ಸೆಕೆಯಲ್ಲಿ ಬೆನ್ನಿಗೆ ನಾರು ಚುಚ್ಚುತ್ತಿದ್ದರೂ ಆ ಹುಡುಗಿಯ ಮಾತಿಗೆ ಹಾಳೆಯ ಅಂಚಿನಲ್ಲಿ ಪೆನ್ಸಿಲಿನಿಂದ ಉತ್ತರ ಬರೆಯುತ್ತಿದ್ದೆ: ನಾನೂ ಹೀಗೇ. ನಮ್ಮ ದೊಡ್ಡಪ್ಪನಿಗೆ ಸಿಟ್ಟು ಬಿಟ್ಟು ಬೇರೇನೂ ಬರುವುದಿಲ್ಲ. ಹೊಲಿಗೆ ಕಲಿಯಲ್ಲ, ಕಡೂರು ಕಾಲೇಜಿಗೇ ಹೋಗ್ತೀನಿ. ಚಿಕ್ಕಮ್ಮ ಅದನ್ನೆಲ್ಲ ಓದಿ ನಗುತ್ತಿದ್ದಳು. ಕಾಲೇಜಿನ ವಿಷಯಕ್ಕೆ ಮಾತ್ರ ನಗಲಿಲ್ಲ. "ಭಾವನ ಹತ್ರ ನಾನ್ ಮಾತಾಡ್ತೀನಿ. ನೀ ಹೆದರ್ಬೇಡ" ಅಂದಿದ್ದಳು.

ಆ ವರ್ಷದ ಬಿಸಿಲಿಗೆ ಹಿಂದಿನ ಸಾಲಿನ ಕಾಯಿಗಳೂ ಬೇಗ ಆರಿದ್ದವು. ನನ್ನ ಲೆಕ್ಕ ತಪ್ಪಿತು. ಪರೀಕ್ಷೆ ಮುಗಿದ ವಾರ, ಕಾಯಿ ಇಳಿಸುವಾಗ, ಪುಸ್ತಕವೂ ಬುಟ್ಟಿಯಲ್ಲಿ ಕೆಳಗಿಳಿಯಿತು. ಅಂಗಳದಲ್ಲಿ ಸುಲಿಯುವವರು, ಚಿಪ್ಪು ಒಡೆಯುವ ಹೆಂಗಸರು, ಎಲ್ಲರೂ ಇದ್ದರು. ದೊಡ್ಡಪ್ಪ ಕನ್ನಡಕ ಏರಿಸಿ ಅಂಚಿನ ಬರಹವನ್ನು ಜೋರಾಗಿ ಓದಿದರು, ತಮ್ಮ ಸಿಟ್ಟಿನದ್ದನ್ನೂ. "ನಿಜಾನೇ ಬರ್ದವ್ಳೆ ಬುಡಿ ಗೌಡ್ರೇ" ಎಂದು ಸುಲಿಯುವ ರಂಗಣ್ಣ ಅಂದಾಗ ಅಂಗಳವೆಲ್ಲ ನಕ್ಕಿತು. ದೊಡ್ಡಪ್ಪ ನಗಲಿಲ್ಲ.

"ಈ ದರಿದ್ರದ ಪುಸ್ತಕ ಮನೆಗ್ ತಂದೋರ್ಯಾರು?"

ನಾನು ಚಿಕ್ಕಮ್ಮನ ಕಡೆ ನೋಡಿದೆ. ಅವಳು ಕೈಲಿದ್ದ ಕೊಬ್ಬರಿಯ ಪುಡಿಯನ್ನು ಸೆರಗಿನಿಂದ ಒರೆಸುತ್ತಾ, ತಲೆಯೆತ್ತದೆ, "ನಂಗೊತ್ತಿಲ್ಲ ಭಾವ. ಇವ್ಳ ಸ್ಕೂಲಿಂದು ಇರ್ಬೇಕು" ಅಂದಳು.

"ಹೊಲಿಗೆ ಮಿಷಿನ್ ಮುಂದೆ ಕೂರ್ಸಿ ಇವ್ಳನ್ನ. ಕಡೂರೂ ಇಲ್ಲ, ಏನೂ ಇಲ್ಲ." ಪುಸ್ತಕ ಬಚ್ಚಲ ಒಲೆಗೆ ಹೋಯಿತು. ಆ ಸಂಜೆ ಅದರ ಉರಿಗೆ ಕಾದ ನೀರಲ್ಲೇ ಎಲ್ಲರೂ ಸ್ನಾನ ಮಾಡಿದರು. ಚಿಕ್ಕಮ್ಮನೂ.

ನಾನು ಕಾಲೇಜು ನೋಡಲಿಲ್ಲ. ಹೊಲಿಯುತ್ತಾ, ಲೈಬ್ರರಿಯಿಂದ ಕೈಗೆ ಸಿಕ್ಕಿದ್ದನ್ನೆಲ್ಲ ಓದುತ್ತಾ, ನನ್ನ ಪಾಡಿಗೆ ನಾನೇ ಕಲಿತೆ. ಚಿಕ್ಕಮ್ಮನ ಜೊತೆ ಉಪ್ಪು ಬೇಕಾ, ಸಾರು ಬೇಕಾ ಅನ್ನುವಷ್ಟೇ ಮಾತು. ಹೋದ ವರ್ಷ ಅವಳು ತೀರಿಕೊಂಡಾಗ, ಅವಳ ರವಿಕೆಗಳನ್ನೆಲ್ಲ ಹೊಲಿದವಳು ನಾನೇ ಎಂದು ಟ್ರಂಕು ಖಾಲಿ ಮಾಡಲು, ಪಾಲಾದ ಮೇಲೆ ಚಿಕ್ಕಪ್ಪನವರು ಹೋಗಿ ನೆಲೆಸಿದ್ದ ಬೀರೂರಿಗೆ ಕರೆದರು. ತಳದಲ್ಲಿ ಹಾಸಿದ ಪೇಪರಿನ ಕೆಳಗೆ ಎಂಟು ಹಾಳೆಗಳಿದ್ದವು, ಬ್ಲೇಡಿನಲ್ಲಿ ನೀಟಾಗಿ ಕತ್ತರಿಸಿದವು. ನಿಂತಲ್ಲೇ ಓದಿದೆ. ಕಾದಂಬರಿಯ ನನ್ನ ಹುಡುಗಿ ಕೊನೆಯಲ್ಲಿ ತಲೆ ತಗ್ಗಿಸಿ, ಹಿರಿಯರ ಕಾಲು ಮುಟ್ಟಿ, ತಪ್ಪಾಯ್ತು ಅನ್ನುತ್ತಾಳೆ. ಕೂದಲು ಮತ್ತೆ ಬೆಳೆಯುತ್ತದೆ. ಅದರ ಪಕ್ಕ ಚಿಕ್ಕಮ್ಮನ ಹುಡುಗಿ ಕಾಲದ ಎಳೇ ಕೈಬರಹ, ಒಂದೇ ಪದ: ಮೋಸ.

ಆ ಕೊನೆ ನನ್ನ ಕಣ್ಣಿಗೆ ಬೀಳದಿರಲಿ ಎಂದೇ ಕತ್ತರಿಸಿಟ್ಟಿದ್ದಳು. ಆದರೆ ಆ ದಿನ ಅಂಗಳದಲ್ಲಿ, ಭಾವನ ಮುಂದೆ ತಲೆ ತಗ್ಗಿಸಿ, ಅದೇ ಕೊನೆಯನ್ನು ತಾನೇ ನನಗೆ ಓದಿ ಹೇಳಿದ್ದಳು. ಕೈಯಲ್ಲಿ ಪೆನ್ಸಿಲ್ ಇರಲಿಲ್ಲ. ಆ ಪದದ ಕೆಳಗೆ ಉಗುರಿನಿಂದಲೇ ಒಂದು ಗೆರೆ ಎಳೆದು, ಹಾಳೆಗಳನ್ನು ಅವಳ ಮದುವೆ ಸೀರೆಯ ಮಡಿಕೆಯೊಳಗೆ ಇಟ್ಟು, ಟ್ರಂಕು ಮುಚ್ಚಿದೆ.